ಸ್ಟೀಲ್ ಕಟ್ ಮಾಡೋಕೆ ಮುಂಚೆ ಒಂದ್ಸಲ ಎಲ್ರೂ ಕೂತು ನೋಡೋಣ

ನನ್ನ ಟೇಬಲ್ ಡ್ರಾನಲ್ಲಿ ಒಂದು ಹಳೇ ಪ್ಲಾಸ್ಟಿಕ್ ಮುಚ್ಚಳ ಇಟ್ಕೊಂಡಿದೀನಿ, ಕಪ್ಪು ಬಣ್ಣದ್ದು, ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದ್ರೆ ಮುಂದಿನ ಮುಖದ ನಾಲ್ಕೂ ಮೂಲೇಲಿ ಒಂದೊಂದು ಗುಳಿ ಕಾಣುತ್ತೆ, ಬೆರಳಿಟ್ರೆ ಗೊತ್ತೂ ಆಗಲ್ಲ ಅಷ್ಟು ಸಣ್ಣದು, ಆದ್ರೆ ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಅದನ್ನ ಬಿಟ್ಟು ಬೇರೆ ಏನೂ ಕಾಣಲ್ಲ. ನಾನು ಡಿಸೈನ್ ಮಾಡಿದ ಮೊದಲನೇ ಪ್ರಾಡಕ್ಟ್‌ದು ಅದು, ಫ್ರಿಡ್ಜ್‌ಗೆ ಹಾಕೋ ವೋಲ್ಟೇಜ್ ಪ್ರೊಟೆಕ್ಟರ್ ಡಬ್ಬ. ಆಗ ಇದ್ದ ಕಂಪನಿ ಹೆಸರು ಇಲ್ಲಿ ಬೇಡ. ಆ ನಾಲ್ಕು ಗುಳಿಯಿಂದ ಏಳು ವಾರ ಹೋಯ್ತು ನಮ್ದು. ಯಾರಾದ್ರೂ ಒಬ್ಬ ಟೂಲ್ ಮೇಕರ್, ಅಂದ್ರೆ ಮೋಲ್ಡ್ ಮಾಡೋರು, ನನ್ನ ಡ್ರಾಯಿಂಗನ್ನ ಮೊದಲೇ ಹತ್ತು ನಿಮಿಷ ನೋಡಿದ್ರೆ ಸಾಕಿತ್ತು, ಆ ಏಳು ವಾರ ಉಳೀತಿತ್ತು.

ಈ ಕೆಲಸ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಸ್ಟೀಲ್ ಬ್ಲಾಕ್‌ನಲ್ಲಿ ನಮಗೆ ಬೇಕಾದ ಆಕಾರ ಕೊರೆದು ಮೋಲ್ಡ್ ಮಾಡ್ತಾರೆ, ಅದರೊಳಗೆ ಕರಗಿದ ಪ್ಲಾಸ್ಟಿಕ್‌ನ ಪ್ರೆಷರ್‌ನಲ್ಲಿ ನೂಕ್ತಾರೆ, ಅದು ತಣ್ಣಗಾದ್ಮೇಲೆ ಮೋಲ್ಡ್ ತೆಗೆದ್ರೆ ಪಾರ್ಟ್ ಬರುತ್ತೆ. ಪ್ಲಾಸ್ಟಿಕ್ ತಣ್ಣಗಾಗ್ತಾ ಕುಗ್ಗುತ್ತೆ. ತೆಳ್ಳಗಿರೋ ಕಡೆ ಬೇಗ ತಣ್ಣಗಾಗಿ ಗಟ್ಟಿ ಆಗುತ್ತೆ, ದಪ್ಪ ಇರೋ ಕಡೆ ಒಳಗಿನ ಪ್ಲಾಸ್ಟಿಕ್ ಲೇಟಾಗಿ ತಣ್ಣಗಾಗಿ ಮೇಲಿನ ಪದರಾನ ಒಳಕ್ಕೆ ಎಳ್ಕೊಳ್ಳುತ್ತೆ, ಅಲ್ಲೇ ಗುಳಿ ಬೀಳೋದು, ಸಿಂಕ್ ಮಾರ್ಕ್ ಅಂತಾರೆ. ಅದಕ್ಕೇ ಡಬ್ಬದ ಗೋಡೆ 2.5 ಎಂಎಂ ಇದ್ರೆ ಅದರ ಹಿಂದೆ ಬಲಕ್ಕೆ ನಿಲ್ಲೋ ಪಟ್ಟಿ ಅಂದ್ರೆ ರಿಬ್ಬು, ಸ್ಕ್ರೂ ಕೂರೋ ಕೊಳವೆ ಅಂದ್ರೆ ಬಾಸು, ಇವೆಲ್ಲ ಬುಡದಲ್ಲಿ ಗೋಡೆಯ ಅರ್ಧ, ಹೆಚ್ಚು ಅಂದ್ರೆ 60 ಪರ್ಸೆಂಟ್ ದಪ್ಪ ಇರ್ಬೇಕು, ಅಂದ್ರೆ 1.5 ಎಂಎಂ. ನಾನು ಸ್ಕ್ರೂ ಗಟ್ಟಿಯಾಗಿ ಕೂರ್ಲಿ ಅಂತ ಬಾಸ್ ಗೋಡೇನೂ 2.5 ಇಟ್ಟಿದ್ದೆ. ಕಂಪ್ಯೂಟರ್ ಸ್ಕ್ರೀನ್ ಮೇಲೆ ಎಲ್ಲ ನುಣ್ಣಗೆ ಪಳಪಳ ಅಂತಿತ್ತು, ಗುಳಿ ಬೀಳುತ್ತೆ ಅಂತ ಅದು ಹೇಳಲ್ವಲ್ಲ.

ಸರಿ, ಆಮೇಲೆ ಬಾಸ್ ತೆಳ್ಳಗೆ ಮಾಡ್ಬಿಡೋಣ ಅಂದ್ಕೊಂಡ್ವಿ. ಆಗ ಗೊತ್ತಾಗಿದ್ದು ನನಗೆ, ಪಾರ್ಟ್‌ನಲ್ಲಿ ಪ್ಲಾಸ್ಟಿಕ್ ಎಲ್ಲಿದ್ಯೋ ಮೋಲ್ಡ್‌ನಲ್ಲಿ ಅಲ್ಲಿ ಖಾಲಿ ಜಾಗ ಇರುತ್ತೆ, ಅಂದ್ರೆ ಪಾರ್ಟ್‌ನಲ್ಲಿ ದಪ್ಪ ಕಮ್ಮಿ ಮಾಡ್ಬೇಕು ಅಂದ್ರೆ ಮೋಲ್ಡ್‌ಗೆ ಸ್ಟೀಲ್ ಸೇರಿಸ್ಬೇಕು. ಕೊರೆಯೋದು ಸುಲಭ, ಕೊರೆದಿದ್ದಕ್ಕೆ ವಾಪಸ್ ತುಂಬೋದು ಕಷ್ಟ. ವೆಲ್ಡಿಂಗ್ ಮಾಡಿಸ್ಬೇಕು, ಮತ್ತೆ ಮಷೀನಿಂಗ್, ಮತ್ತೆ ಪಾಲಿಶ್, ಅದಾದ್ಮೇಲೂ ವೆಲ್ಡ್ ಮಾಡಿದ ಜಾಗದ ಗಟ್ಟಿತನ ಬೇರೆ ಆಗಿ ಹೊಳಪಲ್ಲಿ ಒಂದು ನೆರಳು ಉಳ್ಕೊಳ್ಳೋ ಚಾನ್ಸ್ ಇರುತ್ತೆ. ಅದು ಬೇಡ ಅಂತ ಮೇಲಿನೋರು ಮುಂದಿನ ಮುಖಕ್ಕೆ ಟೆಕ್ಸ್ಚರ್, ಅಂದ್ರೆ ತರಿತರಿ ಮೇಲ್ಮೈ, ಹಾಕಿಸಿ ಗುಳಿ ಮುಚ್ಚೋಣ ಅಂದ್ರು, ಮುಂದೆ ಮಾತ್ರ ಹಾಕಿದ್ರೆ ಬೇರೆ ಬೇರೆ ಕಾಣುತ್ತೆ ಅಂತ ಸೈಡ್‌ಗೂ ಹಾಕ್ಸಿದ್ರು, ಪಾರ್ಟ್ ಮೋಲ್ಡಿಂದ ಸಲೀಸಾಗಿ ಜಾರಿ ಬರ್ಲಿ ಅಂತ ಸೈಡ್ ಗೋಡೆಗೆ ನಾನು ಕೊಟ್ಟಿದ್ದ ಇಳಿಜಾರು, ಡ್ರಾಫ್ಟ್ ಅಂತೀವಲ್ಲ, ಬರೀ ಅರ್ಧ ಡಿಗ್ರಿ. ಟೆಕ್ಸ್ಚರ್ ಇಲ್ದೇ ಇದ್ದಾಗಲೇ ಒಂದು ಡಿಗ್ರಿ ಇದ್ರೆ ಒಳ್ಳೇದು, ಟೆಕ್ಸ್ಚರ್ ಹಾಕಿದ್ರೆ ಅದರ ಆಳ ನೋಡ್ಕೊಂಡು ಇನ್ನೂ ಒಂದೋ ಒಂದೂವರೆಯೋ ಜಾಸ್ತಿ ಬೇಕು. ಪಾರ್ಟ್ ಮೋಲ್ಡಿಂದ ಹೊರಗೆ ಬರುವಾಗ ಉದ್ದಕ್ಕೆ ಗೀರು ಬೀಳೋಕೆ ಶುರು ಆಯ್ತು. ಒಂದು ತಪ್ಪು ಮುಚ್ಚೋಕೆ ಹೋಗಿ ಇನ್ನೊಂದು. ಅಟ್ಟ ಮೇಲೆ ಒಲೆ ಉರಿಯಿತು ಕೆಟ್ಟ ಮೇಲೆ ಬುದ್ಧಿ ಬಂತು ಅಂತ ನಮ್ಮಜ್ಜಿ ಹೇಳ್ತಿದ್ದಿದ್ದು ಆ ಏಳು ವಾರದಲ್ಲಿ ಎಷ್ಟು ಸಲ ನೆನಪಾಯ್ತೋ.

ಹಂಗಂತ ಅಲ್ಲಿ ಡಿಸೈನ್ ರಿವ್ಯೂ ಆಗೇ ಇರ್ಲಿಲ್ಲ ಅಂತಲ್ಲ, ಆಗಿತ್ತು. ಕಾನ್ಫರೆನ್ಸ್ ರೂಮಲ್ಲಿ ಪ್ರೊಜೆಕ್ಟರ್ ಹಾಕಿ ನಲವತ್ತು ಸ್ಲೈಡ್ ತೋರಿಸಿದ್ದೆ, ಎಲ್ಲಾ ದಿಕ್ಕಿಂದ ತಿರುಗಿಸಿ ತಿರುಗಿಸಿ ತೋರಿಸಿದ್ದೆ. ಬಣ್ಣದ ಬಗ್ಗೆ ಅರ್ಧ ಗಂಟೆ ಮಾತಾಯ್ತು. ಲೋಗೋ ಎಷ್ಟು ದೊಡ್ಡದಿರ್ಬೇಕು ಅಂತ ಇನ್ನರ್ಧ ಗಂಟೆ. ಮೋಲ್ಡ್ ಮಾಡೋರು, ಪಾರ್ಟ್ ಹೊಡೆಯೋರು, ಡಬ್ಬ ಜೋಡಿಸೋರು, ಅಂಗಡೀಲಿ ಮಾರೋರು, ರಿಪೇರಿಗೆ ಹೋಗೋರು, ಇವರಲ್ಲಿ ಒಬ್ರೂ ಆ ರೂಮಲ್ಲಿ ಇರ್ಲಿಲ್ಲ.

ಈಗ ನಾನಿರೋ ಕಡೆ ನಾವು ಮಾಡೋದು ಮನೆಗಳಿಗೆ ಹಾಕೋ ವಾಟರ್ ಲೆವೆಲ್ ಕಂಟ್ರೋಲರ್. ಬೆಂಗಳೂರಲ್ಲಿ ಇರೋರಿಗೆ ಹೇಳೋದೇ ಬೇಡ, ಕಾವೇರಿ ನೀರು ಬರೋ ದಿನ ಸಂಪ್ ತುಂಬುತ್ತೆ, ಸಂಪಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕ್ಬೇಕು, ಹಾಕಿ ಮರ್ತ್ರೆ ಟ್ಯಾಂಕ್ ತುಂಬಿ ನೀರು ಬೀದಿಗೆ, ಸಂಪ್ ಖಾಲಿ ಆಗಿದ್ದು ಗೊತ್ತಾಗ್ದೇ ಓಡಿಸಿದ್ರೆ ಮೋಟಾರ್ ಸುಟ್ಟು ರೀವೈಂಡಿಂಗ್ ಖರ್ಚು. ಅದನ್ನೆಲ್ಲ ತಾನೇ ನೋಡ್ಕೊಳ್ಳೋ ಡಬ್ಬ ನಮ್ದು. ಇದರ ಹೊಸ ಮಾಡೆಲ್ ಕೈಗೆತ್ತಿಕೊಂಡಾಗ ನಾನು ಒಂದೇ ಒಂದು ಕೇಳ್ಕೊಂಡೆ, ಸ್ಟೀಲ್ ಆರ್ಡರ್ ಮಾಡೋಕೆ ಮುಂಚೆ, ಕೋಡ್ ಒಂದು ಲೈನೂ ಬರೆಯೋಕೆ ಮುಂಚೆ, ಎರಡು ಸಲ ಎಲ್ರೂ ಕೂತು ನೋಡ್ಬೇಕು, ಅದೂ ಡಿಸೈನ್ ಅರ್ಧ ಆಗಿದ್ದಾಗಲೇ. ಪೂರ್ತಿ ಮುಗಿದ್ಮೇಲೆ ತೋರಿಸಿದ್ರೆ ಮಾಡಿದೋರಿಗೂ ಅದರ ಮೇಲೆ ಮೋಹ ಬಂದಿರುತ್ತೆ, ನೋಡೋರಿಗೂ ಪಾಪ ಇಷ್ಟೆಲ್ಲ ಮಾಡಿದಾರೆ ಹೆಂಗೆ ಹೇಳೋದು ಅನ್ಸುತ್ತೆ.

ಮೊದಲನೇ ಸಲ ತ್ರೀಡಿ ಪ್ರಿಂಟ್ ಮಾಡಿಸಿದ ಬಿಳೀ ಡಬ್ಬ ಇಟ್ಕೊಂಡು ಕೂತಿದ್ದು. ಕೂತಿದ್ದು ಅಂದ್ನಲ್ಲ, ಕೂರ್ಲಿಲ್ಲ, ಡಬ್ಬಾನ ಗೋಡೆಗೆ ಐದಡಿ ಎತ್ತರದಲ್ಲಿ ಹೊಡೆದು ನಮ್ಮ ಏರಿಯಾದ ಒಬ್ಬ ಎಲೆಕ್ಟ್ರಿಷಿಯನ್‌ನ ಕರೆಸಿ, ಇದಕ್ಕೆ ವೈರಿಂಗ್ ಮಾಡಿ ಕೊಡಪ್ಪ ಅಂತ ಹೇಳಿ ಸುಮ್ನೆ ಪಕ್ಕಕ್ಕೆ ನಿಂತ್ಕೊಂಡ್ವಿ. ಆ ಹುಡುಗ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ಬಾಯಲ್ಲಿ ಕಚ್ಕೊಂಡ, ಮುಚ್ಚಳ ಇಡೋಕೆ ಜಾಗ ಇಲ್ಲ, ಕಂಕುಳಲ್ಲಿ ಸಿಗಿಸ್ಕೊಂಡ, ಒಂದು ಕೈಲಿ ಟೆಸ್ಟರ್, ಇನ್ನೊಂದು ಕೈಲಿ ವೈರು. ಮೋಟಾರ್‌ಗೆ ಹಾಕೋದು 2.5 ಸ್ಕ್ವೇರ್ ಎಂಎಂ ವೈರು, ಅದು ದಾರದ ಥರ ಬಗ್ಗಲ್ಲ. ನನ್ನ ಕಂಪ್ಯೂಟರ್ ಮಾಡೆಲ್‌ನಲ್ಲಿ ವೈರ್ ಸಿಗಿಸೋ ಟರ್ಮಿನಲ್ ಇತ್ತು, ಟರ್ಮಿನಲ್‌ಗೂ ಡಬ್ಬದ ಗೋಡೆಗೂ ಮಧ್ಯ 9 ಎಂಎಂ ಜಾಗಾನೂ ಇತ್ತು, ಆದ್ರೆ ವೈರ್ ಇರ್ಲಿಲ್ಲ. ಆರು ವೈರು ಆ 9 ಎಂಎಂನಲ್ಲಿ ಬಗ್ಗಿ ಒಳಗೆ ಹೋಗೋದು ಸಾಧ್ಯಾನೇ ಇರ್ಲಿಲ್ಲ. ಅವನು ಬೇಜಾರೇನೂ ಮಾಡ್ಕೊಳ್ದೆ ಕಟಿಂಗ್ ಪ್ಲೇಯರ್ ತಗೊಂಡು ಡಬ್ಬದ ಕೆಳಗಿನ ಗೋಡೆ ಮುರಿಯೋಕೆ ಹೊರಟ. "ಎಲ್ಲಾ ಕಂಪನಿ ಡಬ್ಬಾನೂ ಹಿಂಗೇ ಸಾರ್, ನಾವು ಮುರ್ಕೊಂಡೇ ಹಾಕೋದು" ಅಂದ. ಆ ಮಾತು ನನಗೆ ಬಹಳ ದಿನ ಮನಸ್ಸಲ್ಲಿ ಕೂತ್ಕೊಂಡಿತ್ತು. ಡಬ್ಬಕ್ಕೆ ಧೂಳು ನೀರು ಹೋಗ್ಬಾರ್ದು ಅಂತ ಐಪಿ54 ಅಂತ ನಾವು ಲೇಬಲ್ ಹಾಕ್ತೀವಿ, ಐದು ಅಂದ್ರೆ ಧೂಳಿಗೆ ನಾಲ್ಕು ಅಂದ್ರೆ ನೀರಿನ ಸಿಂಪಡಿಕೆಗೆ, ಲ್ಯಾಬಲ್ಲಿ ಟೆಸ್ಟ್ ಮಾಡಿಸ್ತೀವಿ, ಆದ್ರೆ ಗೋಡೆ ಮೇಲೆ ಹತ್ತೋ ದಿನಾನೇ ಅದರ ತಳ ಮುರಿದಿರುತ್ತೆ, ಆ ತೂತಿಂದ ಹಲ್ಲಿ ಒಳಗೆ ಹೋಗಿ ಶಾರ್ಟ್ ಆಗುತ್ತೆ, ಕಸ್ಟಮರ್ ನಮಗೆ ಬೈತಾರೆ.

ಅವತ್ತೇ ಪೆನ್ಸಿಲ್ ತಗೊಂಡು ಡಬ್ಬ ಕೆಳಗಡೆ 25 ಎಂಎಂ ಉದ್ದ ಮಾಡಿದ್ವಿ, ತಳದಲ್ಲಿ ಪೈಪ್ ಸೈಜಿಗೆ ತಟ್ಟಿ ತೆಗೆಯೋ ತೂತು ಕೊಟ್ವಿ, ಸ್ಕ್ರೂ ಬಿಚ್ಚಿದ್ರೂ ಮುಚ್ಚಳದಲ್ಲೇ ನಿಲ್ಲೋ ಹಂಗೆ, ಮುಚ್ಚಳ ಒಂದು ಕಡೆ ಕೊಕ್ಕೆಗೆ ನೇತಾಡೋ ಹಂಗೆ ಮಾಡಿದ್ವಿ. ಪೇಪರ್ ಮೇಲೆ ಒಂದು ಮಧ್ಯಾಹ್ನದ ಕೆಲಸ ಇದು.

ಇನ್ನೊಂದು ವಿಷಯ ಬಂತು, ಅದು ನಾನು ಕನಸಲ್ಲೂ ಯೋಚ್ನೆ ಮಾಡಿರ್ಲಿಲ್ಲ. ಮೋಟಾರ್ ಓಡ್ತಿದ್ರೆ ಕೆಂಪು ಲೈಟು, ನಿಂತಿದ್ರೆ ಹಸಿರು ಅಂತ ಇಟ್ಟಿದ್ವಿ. ಎಲೆಕ್ಟ್ರಿಷಿಯನ್‌ಗೆ ಅದು ಸರಿಯಾಗೇ ಕಾಣ್ತು, ಯಾಕಂದ್ರೆ ನಮ್ಮಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್‌ಗಳಲ್ಲಿ ಕೆಂಪು ಅಂದ್ರೆ ಆನ್, ಕರೆಂಟ್ ಇದೆ ಮುಟ್ಬೇಡ ಅಂತ. ಆದ್ರೆ ಅವತ್ತು ಅಕೌಂಟ್ಸ್ ನೋಡ್ಕೊಳ್ಳೋ ಮೇಡಂನೂ ಕರೆದಿದ್ವಿ, ಮನೇಲಿ ದಿನಾ ಮೋಟಾರ್ ಹಾಕೋರು ಅವರೇ ಅಲ್ವಾ ಅಂತ, ಅವರು ಕೆಂಪು ಲೈಟ್ ನೋಡಿದ ತಕ್ಷಣ "ಏನೋ ಕೆಟ್ಟಿದೆ ಅನ್ಸುತ್ತೆ, ಆಫ್ ಮಾಡ್ಬಿಡ್ತೀನಿ" ಅಂದ್ರು. ಒಂದೇ ಲೈಟು, ಇಬ್ರಿಗೆ ಉಲ್ಟಾ ಅರ್ಥ, ಇಬ್ರೂ ಹೇಳೋದು ಸರೀನೇ. ಬಹಳ ಹೊತ್ತು ಚರ್ಚೆ ಆಗಿ ಕೊನೆಗೆ ಮೋಟಾರ್ ಓಡೋದಕ್ಕೆ ನೀಲಿ, ಸಂಪ್ ಖಾಲಿ ಆದ್ರೆ ಮಾತ್ರ ಕೆಂಪು, ಪ್ರತಿ ಲೈಟ್ ಪಕ್ಕ ದಪ್ಪಕ್ಷರದಲ್ಲಿ ಕನ್ನಡದಲ್ಲಿ "ಮೋಟಾರ್ ಓಡ್ತಿದೆ", "ಸಂಪ್ ಖಾಲಿ" ಅಂತ ಬರೆಯೋದು ಅಂತಾಯ್ತು. ಕನ್ನಡ ಹಾಕುವಾಗ ಒತ್ತಕ್ಷರಕ್ಕೆ ಕೆಳಗಡೆ ಜಾಗ ಬಿಡ್ಬೇಕು, ಇಂಗ್ಲಿಷ್ ಲೆಕ್ಕದಲ್ಲಿ ಸಾಲಿನ ಎತ್ತರ ಇಟ್ರೆ "ಸಂಪ್" ಸರಿಯಾಗಿ ಬರುತ್ತೆ, "ಓಡ್ತಿದೆ"ಯಲ್ಲಿರೋ ತಕಾರದ ಒತ್ತು ಅರ್ಧ ಕಟ್ ಆಗುತ್ತೆ. ಅದನ್ನ ಸ್ಟಿಕರ್ ಪ್ರಿಂಟ್‌ಗೆ ಹೋಗೋ ಮುಂಚೆನೇ ಹಿಡಿದಿದ್ದು ನನಗೆ ಇವತ್ತಿಗೂ ಖುಷಿ.

ಸರ್ವೀಸ್‌ಗೆ ಹೋಗೋ ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ಸರ್, ಮೋಟಾರ್ ಓಡ್ತಿರುವಾಗ ಕರೆಂಟ್ ಹೋಗಿ ಬಂದ್ರೆ ತಾನೇ ಆನ್ ಆಗುತ್ತಾ?" ರೂಮಲ್ಲಿ ಯಾರೂ ಮಾತಾಡ್ಲಿಲ್ಲ. ಸಾಫ್ಟ್‌ವೇರ್ ಹುಡುಗಿ ಆಗುತ್ತೆ ಅಂದ್ಕೊಂಡಿದ್ಲು, ನಾನು ಆಗಲ್ಲ ಅಂದ್ಕೊಂಡಿದ್ದೆ, ಡಾಕ್ಯುಮೆಂಟ್‌ನಲ್ಲಿ ಎರಡೂ ಇರ್ಲಿಲ್ಲ. ಕರೆಂಟ್ ವಾಪಸ್ ಬಂದ ತಕ್ಷಣ ವೋಲ್ಟೇಜ್ ಮೇಲೆ ಕೆಳಗೆ ಆಗ್ತಿರುತ್ತೆ, ಬೀದೀಲಿರೋ ಎಲ್ಲಾ ಮೋಟಾರೂ ಫ್ರಿಡ್ಜೂ ಒಟ್ಟಿಗೆ ಎಳೆಯುತ್ತೆ, ಆಗಲೇ ನಮ್ಮ ಮೋಟಾರೂ ಶುರು ಆದ್ರೆ ಕಷ್ಟ, ಹಂಗಂತ ಶುರುನೇ ಆಗ್ದೇ ಇದ್ರೆ ಆಟೋಮ್ಯಾಟಿಕ್ ಅಂತ ಯಾಕೆ ಹೇಳ್ಬೇಕು. ಸ್ವಲ್ಪ ಹೊತ್ತು ಕಾದು, ವೋಲ್ಟೇಜ್ ನೋಡಿ, ಸಂಪಲ್ಲಿ ನೀರಿದೆಯಾ ಅಂತ ಇನ್ನೊಂದ್ಸಲ ನೋಡಿ ಆಮೇಲೆ ಆನ್ ಅಂತ ತೀರ್ಮಾನ ಆಯ್ತು. ಆ ಪ್ರಶ್ನೆ ಪ್ರಾಡಕ್ಟ್ ಮಾರ್ಕೆಟ್‌ಗೆ ಹೋದ್ಮೇಲೆ ಬಂದಿದ್ರೆ ಪ್ರತಿ ಮನೆಗೂ ಹೋಗಿ ಡಬ್ಬ ಬಿಚ್ಚಿ ಹೊಸ ಪ್ರೋಗ್ರಾಂ ಹಾಕ್ಬೇಕಿತ್ತು, ನಮ್ದು ವೈಫೈ ಇರೋ ಡಬ್ಬ ಅಲ್ಲ.

ಆದ್ರೆ ತ್ರೀಡಿ ಪ್ರಿಂಟ್ ನಂಬ್ಕೊಂಡು ಅಷ್ಟಕ್ಕೇ ನಿಲ್ಲಿಸಿದ್ರೆ ಮೋಸ ಹೋಗ್ತೀವಿ. ಪ್ರಿಂಟ್‌ನಲ್ಲಿ ಸಿಂಕ್ ಮಾರ್ಕ್ ಬರಲ್ಲ, ಡ್ರಾಫ್ಟ್ ಇಲ್ದಿದ್ರೂ ಪಾರ್ಟ್ ಬರುತ್ತೆ, ಮೋಲ್ಡಿಂದ ಹೊರಗೇ ಬರಕ್ಕಾಗದ ಕೊಕ್ಕೇನೂ ಪ್ರಿಂಟ್ ಆಗ್ಬಿಡುತ್ತೆ. ಜೋಡಿಸೋದು ಬಳಸೋದು ನೋಡೋಕೆ ಪ್ರಿಂಟ್ ಸರಿ, ಪಾರ್ಟ್ ಹುಟ್ಟೋದು ಹೆಂಗೆ ಅಂತ ನೋಡೋಕೆ ಡ್ರಾಯಿಂಗೇ ಬೇಕು. ಅದಕ್ಕೆ ಎರಡನೇ ಸಲ ಬೆಂಗಳೂರಿನ ಪೀಣ್ಯಕ್ಕೆ, ಮೋಲ್ಡ್ ಮಾಡೋ ಟೂಲ್ ರೂಮಿಗೇ ಹೋದ್ವಿ.

ಅಲ್ಲಿ ಇರೋ ಹಿರಿಯರು ಜಿಟಿಟಿಸಿಯಲ್ಲಿ ಕಲ್ತೋರು, ರಾಜಾಜಿನಗರದಲ್ಲಿರೋ ಸರ್ಕಾರದ ಟೂಲ್ ರೂಮ್ ಟ್ರೈನಿಂಗ್ ಸೆಂಟರ್, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಲ್ಲಿ ಶುರು ಆಗಿದ್ದು, ಬೆಂಗಳೂರಿನ ಟೂಲ್ ರೂಮ್‌ಗಳಲ್ಲಿ ಅಲ್ಲಿ ಕಲ್ತೋರು ತುಂಬಾ ಜನ ಸಿಗ್ತಾರೆ. ಅವರು ಡ್ರಾಯಿಂಗ್ ಹರಡ್ಕೊಂಡು ಮೊದಲು ಕೇಳಿದ್ದು ಆಕಾರದ ಬಗ್ಗೆ ಅಲ್ವೇ ಅಲ್ಲ. "ಮೆಟೀರಿಯಲ್ ಫೈನಲ್ಲಾ?" ಅಂದ್ರು. ಎಬಿಎಸ್ ಸರ್ ಅಂದೆ. "ಪರ್ಚೇಸ್‌ನೋರು ಒಪ್ಪಿದಾರಾ? ಆಮೇಲೆ ರೇಟ್ ಕಮ್ಮಿ ಅಂತ ಪಿಪಿ ಹಾಕು ಅಂತ ಬರ್ಬೇಡಪ್ಪ." ಎಬಿಎಸ್, ಪಿಪಿ ಎರಡೂ ಬೇರೆ ಬೇರೆ ಥರದ ಪ್ಲಾಸ್ಟಿಕ್, ಆ ಮಾತಿನ ಹಿಂದೆ ಒಂದು ಲೆಕ್ಕ ಇದೆ. ಎಬಿಎಸ್ ಹೆಚ್ಚುಕಮ್ಮಿ ಅರ್ಧ ಪರ್ಸೆಂಟ್ ಕುಗ್ಗುತ್ತೆ, ಪಿಪಿ ಒಂದರಿಂದ ಎರಡು ಪರ್ಸೆಂಟ್. ನಮ್ಮ ಡಬ್ಬ 180 ಎಂಎಂ ಉದ್ದ, ಅರ್ಧ ಪರ್ಸೆಂಟ್ ಅಂದ್ರೆ 0.9 ಎಂಎಂ, ಒಂದೂವರೆ ಪರ್ಸೆಂಟ್ ಅಂದ್ರೆ 2.7. ಎಬಿಎಸ್‌ಗೆ ಅಂತ ಕೊರೆದ ಮೋಲ್ಡಲ್ಲಿ ಪಿಪಿ ಹಾಕಿದ್ರೆ ಡಬ್ಬ 1.8 ಎಂಎಂ ಗಿಡ್ಡ ಆಗುತ್ತೆ, ಸರ್ಕ್ಯೂಟ್ ಬೋರ್ಡ್ ಸ್ಕ್ರೂ ತೂತು ಸೇರಲ್ಲ. ಆಮೇಲೆ ಅವರೇ ಕೇಳಿದ್ರು, ಇದು ಮನೆ ಹೊರಗೆ ಸಂಪ್ ಪಕ್ಕ ಬಿಸಿಲಲ್ಲಿ ಇರೋ ಡಬ್ಬ ಅಲ್ವಾ, ಬರೀ ಎಬಿಎಸ್ ಬಿಸಿಲಿಗೆ ಹಳದಿ ಆಗಿ ಒಡಕ್ಲು ಆಗುತ್ತೆ, ಯೋಚ್ನೆ ಮಾಡಿದೀಯಾ ಅಂತ. ನಾನು ಮಾಡಿರ್ಲಿಲ್ಲ. ಒಳಗೆ ಹಾಕೋದಕ್ಕೇ ಅಂದ್ಕೊಂಡಿದ್ದೆ. ಅಲ್ಲಿಂದಲೇ ಪರ್ಚೇಸ್‌ಗೆ ಫೋನ್ ಮಾಡಿ ಬಿಸಿಲು ತಡೆಯೋ, ಬೆಂಕಿ ಸುಲಭಕ್ಕೆ ಹಿಡಿಯದ ಗ್ರೇಡ್ ಪಾಲಿಕಾರ್ಬೊನೇಟ್ ಅಂತ ಫೈನಲ್ ಮಾಡಿ, ಕುಗ್ಗೋ ಲೆಕ್ಕ ಅದಕ್ಕೇ ಹಾಕಿಸಿದ್ವಿ.

ಆಮೇಲೆ ಅವರು ಕೆಂಪು ಪೆನ್ನಲ್ಲಿ ಒಂದೊಂದೇ ಗುರುತು ಹಾಕ್ತಾ ಹೋದ್ರು, ಇಲ್ಲಿ ಪಾರ್ಟ್‌ನ ಹೊರಗೆ ತಳ್ಳೋ ಇಜೆಕ್ಟರ್ ಪಿನ್ ಗುರುತು ಬೀಳುತ್ತೆ ಪರ್ವಾಗಿಲ್ವಾ, ಪ್ಲಾಸ್ಟಿಕ್ ಒಳಗೆ ಬರೋ ಬಾಯಿ, ಗೇಟು, ಇಲ್ಲಿಟ್ರೆ ಪ್ಲಾಸ್ಟಿಕ್ ಎರಡು ಕಡೆಯಿಂದ ಬಂದು ಸರಿಯಾಗಿ ಈ ಸ್ಕ್ರೂ ತೂತಿನ ಪಕ್ಕ ಸೇರುತ್ತೆ, ಅಲ್ಲಿ ಗೆರೆ ಬರುತ್ತೆ, ಸ್ಕ್ರೂ ಟೈಟ್ ಮಾಡಿದ್ರೆ ಅಲ್ಲೇ ಸೀಳುತ್ತೆ, ಗೇಟ್ ಆ ಕಡೆ ಹಾಕೋಣ. ಬಾಸ್ ಗೋಡೆ ಈ ಸಲ ನಾನು 1.5 ಇಟ್ಟಿದ್ದೆ, ಅದಕ್ಕೂ ಅವರು 1.3 ಇಡು ಅಂದ್ರು, ಸಾಲ್ದೇ ಹೋದ್ರೆ ಆಮೇಲೆ ಸ್ಟೀಲ್ ಕೆರೆದು ದಪ್ಪ ಮಾಡ್ಬಹುದು, ಜಾಸ್ತಿ ಆದ್ರೆ ಕಮ್ಮಿ ಮಾಡಕ್ಕಾಗಲ್ಲ ಅಂತ. ಡೌಟ್ ಇರೋ ಕಡೆ ಸ್ಟೀಲ್ ಉಳಿಸಿಡೋದು, ಸ್ಟೀಲ್ ಸೇಫ್ ಅಂತಾರೆ. ಮೊದಲನೇ ಪ್ರಾಡಕ್ಟ್ ಮಾಡುವಾಗ ನನಗೆ ಈ ಪದಾನೇ ಗೊತ್ತಿರ್ಲಿಲ್ಲ.

ಇಷ್ಟೆಲ್ಲ ಓದಿ ಕೆಲವರಿಗೆ ಅನ್ನಿಸ್ಬಹುದು, ಇದೆಲ್ಲಾ ಡಿಎಫ್ಎಂಇಎ ಶೀಟ್‌ನಲ್ಲಿ, ಅಂದ್ರೆ ಡಿಸೈನಲ್ಲಿ ಏನೇನು ತಪ್ಪಾಗ್ಬಹುದು ಅಂತ ಪಟ್ಟಿ ಮಾಡೋ ಶೀಟ್‌ನಲ್ಲಿ, ಬರಲ್ವಾ ಅಂತ. ಆಟೋ ಪಾರ್ಟ್ಸ್ ಮಾಡೋ ಕಡೆ ಕೆಲಸ ಮಾಡಿದೋರಿಗೆ ಗೊತ್ತಿರುತ್ತೆ, ತಪ್ಪಾದ್ರೆ ಎಷ್ಟು ಗಂಭೀರ, ಎಷ್ಟು ಸಲ ಆಗ್ಬಹುದು, ಆದ್ರೆ ಮೊದಲೇ ಹಿಡಿಯಕ್ಕಾಗುತ್ತಾ, ಮೂರಕ್ಕೂ ಒಂದರಿಂದ ಹತ್ತು ಅಂಕ ಕೊಟ್ಟು ಗುಣಿಸೋದು. ಒಳ್ಳೇ ಪದ್ಧತಿನೇ ಅದು, ನಾನೂ ಬಳಸ್ತೀನಿ. ಆದ್ರೆ ಟೂಲ್ ರೆಡಿ ಆದ್ಮೇಲೆ ಆಡಿಟ್‌ಗೋಸ್ಕರ ಒಬ್ನೇ ಕೂತು ಆ ಶೀಟ್ ತುಂಬೋದನ್ನ ನಾನು ಕಣ್ಣಾರೆ ನೋಡಿದೀನಿ, ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ಶೀಟ್‌ನಲ್ಲಿ ಬರೆಯೋಕೆ ವಿಷಯ ಬೇಕಲ್ಲ, ಆ ವಿಷಯ ಇರೋದು ಕೆಲಸ ಮಾಡೋರ ಕೈಯಲ್ಲಿ.

ಮತ್ತೆ ಅವರ ಬಾಯಿಂದ ಅದು ಸುಲಭವಾಗಿ ಬರಲ್ಲ. ನಮ್ಮ ಕಡೆ ದೊಡ್ಡ ಸರ್ ಕೂತಿದ್ರೆ ಲೈನಲ್ಲಿ ಕೆಲಸ ಮಾಡೋರು ಬಾಯಿ ಬಿಡಲ್ಲ. ಅಸೆಂಬ್ಲಿ ಲೈನಲ್ಲಿ ಇರೋ ಒಬ್ರು ಅಕ್ಕನ್ನ ಮೊದಲನೇ ಸಲ ಕರೆದಾಗ ಎಲ್ಲಾ ಚೆನ್ನಾಗಿದೆ ಸರ್ ಅಂದ್ಬಿಟ್ರು. ನಾನು ಸಾಯಂಕಾಲ ಟೀ ಟೈಮಲ್ಲಿ ಪ್ರಿಂಟ್ ಡಬ್ಬಾನೂ ಬೋರ್ಡೂ ಅವರ ಟೇಬಲ್ ಮೇಲೆ ಇಟ್ಟು, ಅಕ್ಕ ಇದನ್ನ ಒಂದ್ಸಲ ಜೋಡಿಸಿ ಕೊಡಿ ಅಂತ ಅಷ್ಟೇ ಹೇಳ್ದೆ. ಎರಡೇ ನಿಮಿಷಕ್ಕೆ ಬೋರ್ಡ್ ಉಲ್ಟಾ ಕೂರಿಸಿ ತೋರಿಸಿದ್ರು. "ನೋಡಿ, ಹಿಂಗೂ ಕೂರುತ್ತೆ, ದಿನಕ್ಕೆ ಮುನ್ನೂರು ಡಬ್ಬ ಹಾಕುವಾಗ ಸಾಯಂಕಾಲದ ಹೊತ್ತಿಗೆ ಯಾರಾದ್ರೂ ಹಿಂಗೇ ಹಾಕ್ತಾರೆ." ನಾಲ್ಕು ತೂತೂ ಸಮ ದೂರದಲ್ಲಿ ಇಟ್ಟಿದ್ದೆ ನಾನು, ಅಂದವಾಗಿ ಕಾಣ್ಲಿ ಅಂತ. ಒಂದು ತೂತು 4 ಎಂಎಂ ಪಕ್ಕಕ್ಕೆ ಸರಿಸಿದೆ, ಈಗ ಬೋರ್ಡ್ ಒಂದೇ ಥರ ಕೂರುತ್ತೆ. ಆವತ್ತಿಂದ ನಾನು ಯಾರಿಗೂ ಹೆಂಗಿದೆ ಅಂತ ಕೇಳಲ್ಲ, ಕೈಗೆ ಕೊಟ್ಟು ಮಾಡಿ ಅಂತೀನಿ.

ಹೇಳಿದ್ದೆಲ್ಲಾ ಒಪ್ಕೋಬೇಕು ಅಂತಲೂ ಇಲ್ಲ. ಮಾರ್ಕೆಟಿಂಗ್‌ನೋರು ಡಬ್ಬದ ಮುಂದಿನ ಮುಖ ಬಾಗಿದ್ರೆ ಪ್ರೀಮಿಯಂ ಕಾಣುತ್ತೆ ಅಂದ್ರು, ಇಲ್ಲ ಅಂದ್ವಿ, ಸ್ಟಿಕರ್ ಮೂಲೇಲಿ ಏಳುತ್ತೆ. ಯಾರು ಏನು ಹೇಳಿದ್ರು, ಯಾವುದು ತಗೊಂಡ್ವಿ, ಯಾವುದು ಬಿಟ್ವಿ, ಯಾಕೆ ಬಿಟ್ವಿ, ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಂಡ್ವಿ, ಆರು ತಿಂಗಳು ಆದ್ಮೇಲೆ ಅದೇ ಪ್ರಶ್ನೆ ಮತ್ತೆ ಬಂದಾಗ ಆ ಪುಟ ತೆಗೆದು ತೋರಿಸಿದ್ರೆ ಸಾಕು.

ಎರಡೂ ಸಲ ಸೇರಿ ನಮಗೆ ಒಂಬತ್ತು ದಿನ ಹಿಡೀತು, ತ್ರೀಡಿ ಪ್ರಿಂಟ್‌ಗಳಿಗೆ ಹನ್ನೊಂದು ಸಾವಿರ ಆಯ್ತು, ಎಲೆಕ್ಟ್ರಿಷಿಯನ್ ಹುಡುಗನಿಗೆ ಒಂದು ದಿನದ ಕೂಲಿ. ಮೋಲ್ಡ್ ಖರ್ಚು ನಾಲ್ಕೂವರೆ ಲಕ್ಷ. ಒಂಬತ್ತು ದಿನ ಜಾಸ್ತಿ ಆಯ್ತು ಅಂತ ಮೀಟಿಂಗಲ್ಲಿ ಒಬ್ರು ಕೇಳಿದಾಗ ನಾನು ಡ್ರಾ ತೆಗೆದು ಆ ಕಪ್ಪು ಮುಚ್ಚಳಾನ ಟೇಬಲ್ ಮೇಲೆ ಇಟ್ಟೆ.

ಟಿ1 ಟ್ರಯಲ್ ದಿನ, ಅಂದ್ರೆ ಹೊಸ ಮೋಲ್ಡಲ್ಲಿ ಮೊದಲನೇ ಸಲ ಪಾರ್ಟ್ ಹೊಡೆಯೋ ದಿನ, ಎಲೆಕ್ಟ್ರಿಷಿಯನ್ ಹುಡುಗನ್ನೂ ಪೀಣ್ಯಕ್ಕೆ ಕರ್ಕೊಂಡು ಹೋಗಿದ್ದೆ. ಮೊದಲ ಹತ್ತಿಪ್ಪತ್ತು ಶಾಟ್ ತುಂಬ್ಲಿಲ್ಲ, ಅದು ಯಾವಾಗ್ಲೂ ಹಂಗೇ, ಆಪರೇಟರ್ ಟೆಂಪರೇಚರ್ ಪ್ರೆಷರ್ ಸರಿ ಮಾಡ್ತಾ ಬಂದ, ಆಮೇಲೆ ಬಿಸಿ ಬಿಸಿ ಪಾರ್ಟ್ ಬಂತು. ಹಿರಿಯರು ಅದನ್ನ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ಮೂಲೆ ಮೂಲೆ ನೋಡಿದ್ರು, ನನ್ನ ಕೈಗೆ ಕೊಟ್ರು. ಗುಳಿ ಇರ್ಲಿಲ್ಲ. ಒಂದು ಕಡೆ ಕೊಕ್ಕೆ ಸ್ವಲ್ಪ ಸಡಿಲ ಇತ್ತು, ಅಲ್ಲಿ ಸ್ಟೀಲ್ ಉಳಿಸಿಟ್ಟಿದ್ರಲ್ಲ, ಎರಡು ದಿನದ ಕೆಲಸ ಅಂದ್ರು. ಹುಡುಗ ಅಲ್ಲೇ ಜೇಬಿಂದ ಒಂದು ತುಂಡು 2.5 ವೈರ್ ತೆಗೆದು ತಳದ ತೂತಿಂದ ಒಳಗೆ ತೂರಿಸಿ ಬಗ್ಗಿಸಿ ನೋಡ್ತಿದ್ದ. ಪ್ಲೇಯರ್ ಅವತ್ತು ತಂದೇ ಇರ್ಲಿಲ್ಲ.